ನಿಯಮಕ್ಕೆ ಮೊದಲು ನಿಘಂಟು ಬೇಕು

ಸರ್ಕಾರಿ ಸೌಲಭ್ಯಕ್ಕೆ ಯಾರು ಅರ್ಹರು, ಯಾರು ಅನರ್ಹರು ಎಂಬುದನ್ನು ಈಗ ಬಹುಮಟ್ಟಿಗೆ ಗಣಕಯಂತ್ರವೇ ತೀರ್ಮಾನಿಸುತ್ತಿದೆ. ಪರಿಣತರ ತಿಳಿವಳಿಕೆಯನ್ನು ‘ಹೀಗಿದ್ದರೆ ಹೀಗೆ’ ಎಂಬ ನಿಯಮಗಳಾಗಿ ತುಂಬಿಟ್ಟ ಇಂಥ ತಂತ್ರಾಂಶಗಳನ್ನು ಎಕ್ಸ್‌ಪರ್ಟ್ ಸಿಸ್ಟಂ ಎನ್ನುತ್ತಾರೆ. ನಿಯಮಗಳ ಬಗ್ಗೆ ನಾವು ಸಾಕಷ್ಟು ಚರ್ಚಿಸುತ್ತೇವೆ. ಆ ನಿಯಮಗಳಲ್ಲಿ ಬರುವ ಪದಗಳ ಅರ್ಥವನ್ನು ಮಾತ್ರ ಎಲ್ಲರಿಗೂ ತಿಳಿದದ್ದೆಂದು ಬಿಟ್ಟುಬಿಡುತ್ತೇವೆ.

ನಾನು ಸೇವೆಯಲ್ಲಿದ್ದಾಗ ವಿಧವೆಯೊಬ್ಬರ ಅರ್ಜಿ ತಿರಸ್ಕೃತವಾಗಿತ್ತು. ಮಗನ ಮನೆಯ ಹಿಂಬದಿಯ ಕೋಣೆಯಲ್ಲಿ ಬೇರೆ ಒಲೆ ಹೂಡಿಕೊಂಡು ಆಕೆ ಬದುಕುತ್ತಿದ್ದರು. ಒಂದು ಮನೆ ಸಂಖ್ಯೆಗೆ ಒಂದೇ ಕುಟುಂಬ ಎಂಬುದು ತಂತ್ರಾಂಶದ ಗ್ರಹಿಕೆ. ಹೀಗಾಗಿ ಮಗನ ಆದಾಯ ತಾಯಿಯ ಲೆಕ್ಕಕ್ಕೆ ಸೇರಿತು. ನಿಯಮ ತಪ್ಪಾಗಿರಲಿಲ್ಲ, ಗುಮಾಸ್ತರೂ ತಪ್ಪು ಮಾಡಿರಲಿಲ್ಲ. ‘ಕುಟುಂಬ’ ಎಂದರೇನೆಂದು ತಂತ್ರಾಂಶ ಬರೆದವರು ಕೇಳಿರಲಿಲ್ಲ. ಅಧಿಕಾರಿಗಳಾದ ನಾವೂ ಹೇಳಿರಲಿಲ್ಲ.

ಹೇಳುವುದು ಸುಲಭವೂ ಅಲ್ಲ. ಕರ್ನಾಟಕ ಭೂಸುಧಾರಣಾ ಕಾಯ್ದೆ, 1961ರ ಪ್ರಕಾರ ವಿವಾಹಿತ ವ್ಯಕ್ತಿಯ ಕುಟುಂಬವೆಂದರೆ ಪತಿ, ಪತ್ನಿ, ಅಪ್ರಾಪ್ತ ಗಂಡುಮಕ್ಕಳು ಹಾಗೂ ಅವಿವಾಹಿತ ಹೆಣ್ಣುಮಕ್ಕಳು. 2005ರ ಉದ್ಯೋಗ ಖಾತರಿ ಕಾಯ್ದೆಯು ಒಟ್ಟಿಗೆ ವಾಸಿಸಿ ಒಟ್ಟಿಗೆ ಉಣ್ಣುವ ಅಥವಾ ಒಂದೇ ಪಡಿತರ ಚೀಟಿ ಹೊಂದಿದ ಬಂಧುಗಳನ್ನು ಒಂದು ಘಟಕವೆಂದು ಪರಿಗಣಿಸಿತು. ಜನಗಣತಿಗೆ ಅಡುಗೆಮನೆಯೇ ಅಳತೆಗೋಲು; ಅಲ್ಲಿ ನೆಂಟಸ್ತಿಕೆಯ ಅಗತ್ಯವೂ ಇಲ್ಲ. ಪ್ರತಿಯೊಂದು ವ್ಯಾಖ್ಯಾನಕ್ಕೂ ತನ್ನದೇ ಉದ್ದೇಶವಿದೆ. ಒಂದರ ಅಂಕಿಅಂಶವನ್ನು ಇನ್ನೊಂದರ ನಿಯಮಕ್ಕೆ ಜೋಡಿಸಿದಾಗ ಅನ್ಯಾಯ ಹುಟ್ಟುತ್ತದೆ.

ಆಸ್ಟ್ರೇಲಿಯಾದ ‘ರೋಬೋಡೆಟ್’ ಪ್ರಕರಣ ಇದಕ್ಕೆ ಕಠೋರ ನಿದರ್ಶನ. ಅಲ್ಲಿ ನೆರವಿನ ಮೊತ್ತ ನಿಗದಿಯಾಗುತ್ತಿದ್ದುದು ಎರಡು ವಾರಗಳ ಆದಾಯದ ಮೇಲೆ. ಯಂತ್ರವು ತೆರಿಗೆ ಇಲಾಖೆಯ ವಾರ್ಷಿಕ ಆದಾಯವನ್ನು ಸಮನಾಗಿ ಹಂಚಿ, ಲಕ್ಷಾಂತರ ಜನರಿಗೆ ಇಲ್ಲದ ಬಾಕಿಯ ನೋಟಿಸು ಕಳಿಸಿತು. 2020ರಲ್ಲಿ ಸರ್ಕಾರ ವಸೂಲಾದ ಹಣವನ್ನು ಮರಳಿಸಲು ಒಪ್ಪಬೇಕಾಯಿತು. 2023ರಲ್ಲಿ ರಾಯಲ್ ಕಮಿಷನ್ ಯೋಜನೆಯನ್ನು ತೀವ್ರವಾಗಿ ಖಂಡಿಸಿತು. ‘ಆದಾಯ’ ಎಂಬ ಒಂದು ಪದ ಎರಡು ಕಚೇರಿಗಳಲ್ಲಿ ಎರಡು ಅರ್ಥ ಹೊತ್ತಿತ್ತು.

ತಂತ್ರಜ್ಞರಿಗೆ ಇದು ತಿಳಿಯದ ಸಂಗತಿಯಲ್ಲ. ವ್ಯವಹಾರದ ಪದಗಳಿಗೂ ನಿಯಮಗಳಿಗೂ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಸಂಸ್ಥೆ 2008ರಲ್ಲೇ ಮಾನಕವೊಂದನ್ನು ಪ್ರಕಟಿಸಿದೆ. ಮೊದಲು ಪದದ ಅರ್ಥ, ಬಳಿಕ ಪದಗಳ ನಡುವಿನ ಸಂಬಂಧ, ಅದರ ಮೇಲೆ ನಿಯಮ. ಇದೇ ಅದರ ಕ್ರಮ. ನಮ್ಮಲ್ಲಿ ಈ ಕ್ರಮ ತಲೆಕೆಳಗಾಗಿದೆ.

ನಾನು ಗಣಕೀಕರಣದ ವಿರೋಧಿಯಲ್ಲ. ‘ಭೂಮಿ’ ಯೋಜನೆ ಕೈಬರಹದ ಪಹಣಿಗಾಗಿ ಅಲೆಯುವ ಕಷ್ಟದಿಂದ ರೈತನನ್ನು ಪಾರುಮಾಡಿದ್ದನ್ನು ಕಂಡವನು. ಪಹಣಿಯ ಪ್ರತಿ ಅಂಕಣದ ಅರ್ಥ ಕಂದಾಯ ಇಲಾಖೆಯಲ್ಲಿ ಮೊದಲೇ ನೆಲೆಗೊಂಡಿದ್ದುದು ಆ ಯಶಸ್ಸಿಗೆ ಒಂದು ಕಾರಣವೆಂದು ನನ್ನ ಎಣಿಕೆ.

ಆದ್ದರಿಂದ ಪ್ರತಿ ಯೋಜನೆಯ ತಂತ್ರಾಂಶಕ್ಕೂ ಮೊದಲು ಕನ್ನಡದಲ್ಲಿ ಒಂದು ಪದಕೋಶ ಸಿದ್ಧವಾಗಲಿ. ಕಾಯ್ದೆಯನ್ನು ಬಲ್ಲವರ ಜೊತೆಗೆ ಅರ್ಜಿ ಸ್ವೀಕರಿಸುವ ನೌಕರರೂ ಕುಳಿತು ಅದನ್ನು ರಚಿಸಲಿ. ಸಾರ್ವಜನಿಕರಿಗೂ ಅದು ದೊರೆಯಲಿ. ಅರ್ಜಿ ತಿರಸ್ಕೃತವಾದರೆ ಯಾವ ನಿಯಮದಡಿ, ಯಾವ ಪದದ ಯಾವ ಅರ್ಥದಲ್ಲಿ ಎಂಬುದು ಹಿಂಬರಹದಲ್ಲಿರಲಿ. ‘ನನ್ನ ಒಲೆ ಬೇರೆ’ ಎಂದು ಹೇಳಲು ಆ ತಾಯಿಗೆ ಅವಕಾಶ ದೊರೆಯುವುದು ಆಗ ಮಾತ್ರ.