ವೀಸಾ ಮುಗಿದರೂ ದನಿ ಉಳಿಯಲಿ

ಶಾರ್ಜಾದ ನಮ್ಮ ರೂಮಿನಲ್ಲಿ ನಾಲ್ವರು ಗೆಳೆಯರು ಸೇರಿ ಕನ್ನಡ ಪಾಡ್‌ಕಾಸ್ಟ್ ಒಂದನ್ನು ಶುರು ಮಾಡಿದ್ದೆವು. ಊರಿನಿಂದ ಅಪ್ಪ, ಅಮ್ಮ, ಅಜ್ಜಿಯರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಮಾತುಗಳೇ ಅದರ ಬಂಡವಾಳ. ನಾಟಿಯ ದಿನದ ಗಡಿಬಿಡಿ, ಪತ್ರೊಡೆಗೆ ಎಲೆ ಆರಿಸುವ ಬಗೆ, ರಾತ್ರಿಯಿಡೀ ಆಟ ನೋಡಿ ಬೆಳಿಗ್ಗೆ ನಡೆದು ಬಂದ ನೆನಪು. ಹೀಗೆ 22 ಸಂಚಿಕೆ ಬಂದವು.

ಅಷ್ಟರಲ್ಲಿ, ಖಾತೆ ತೆರೆದಿದ್ದ ಗೆಳೆಯನ ಕೆಲಸ ಹೋಯಿತು. ವೀಸಾ ರದ್ದಾಗಿ ಅವನು ಊರಿಗೆ ಮರಳಿದ. ಇಲ್ಲಿನ ಬ್ಯಾಂಕ್ ಕಾರ್ಡ್ ನಿಂತಿತು, ಸಿಮ್ ಹೋಯಿತು. ಶುಲ್ಕ ಬರಲಿಲ್ಲವೆಂದು ಹೋಸ್ಟಿಂಗ್ ಸಂಸ್ಥೆ ಖಾತೆ ಮುಚ್ಚಿತು. ಒಳಹೋಗೋಣವೆಂದರೆ ಒಟಿಪಿ ಬರುವುದು ಇಲ್ಲದ ಸಿಮ್‌ಗೆ! ಎಲ್ಲರ ಮೊಬೈಲ್ ಜಾಲಾಡಿದಾಗ ಸಿಕ್ಕಿದ್ದು 9 ಸಂಚಿಕೆಗಳ ಮೂಲ ಧ್ವನಿ ಮಾತ್ರ. ಹೋದವುಗಳಲ್ಲಿ ಒಂದು, ಆ ವರ್ಷವೇ ತೀರಿಕೊಂಡ ನನ್ನ ತಂದೆಯದು. ಜಾಗ ಸಾಲದೆಂದು ಅದನ್ನು ಫೋನಿನಿಂದ ಅಳಿಸಿದವನು ನಾನೇ.

ಸಂಸ್ಥೆಯನ್ನು ದೂರಿ ಫಲವಿಲ್ಲ. ಆಯ್ಕೆ ಮಾಡುವಾಗ ನಾವು ಕೇಳಿದ್ದು ಒಂದೇ ಪ್ರಶ್ನೆ: ಯಾವುದು ಅಗ್ಗ? ಗಲ್ಫಿನಲ್ಲಿರುವವರು ಮೊದಲು ಕೇಳಬೇಕಾದದ್ದು ಬೇರೆ: ಖಾತೆ ತೆರೆದವನು ದೇಶ ಬಿಟ್ಟರೆ ಕಾರ್ಯಕ್ರಮದ ಗತಿಯೇನು?

ಹಲವರು ತಿಳಿದಂತೆ ದನಿ ಇರುವುದು ಕೇಳುವ ಆ್ಯಪ್‌ನಲ್ಲಲ್ಲ. ಅದು ಇರುವುದು ಹೋಸ್ಟಿಂಗ್ ಸಂಸ್ಥೆಯ ಬಳಿ. ಆ ಸಂಸ್ಥೆ ಕೊಡುವ ‘ಫೀಡ್’ ಎಂಬ ವಿಳಾಸವನ್ನು ನೋಡಿ ಆ್ಯಪಲ್ ಪಾಡ್‌ಕಾಸ್ಟ್ಸ್‌ನಂಥ ಆ್ಯಪ್‌ಗಳು ಸಂಚಿಕೆಯನ್ನು ಕೇಳುಗರಿಗೆ ಮುಟ್ಟಿಸುತ್ತವೆ. 2023ರಲ್ಲಿ ಸ್ಟಿಚರ್, 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಮುಚ್ಚಿದವು. ಆದರೂ ಕಾರ್ಯಕ್ರಮಗಳು ಅಳಿಯಲಿಲ್ಲ. ಕೇಳುಗರು ಬೇರೆ ಆ್ಯಪ್‌ಗೆ ಹೋದರು. ಹೋಸ್ಟಿಂಗ್ ಖಾತೆಯೇ ಹೋದರೆ ಆ ಅನುಕೂಲವಿಲ್ಲ.

ಹಾಗಾಗಿ ಸೇರುವ ಮುನ್ನ ಮೂರು ವಿಷಯ ನೋಡಿ. ಮೊದಲನೆಯದು, ಹಣ ಕಟ್ಟದಿದ್ದರೆ ಸಂಚಿಕೆ ಎಷ್ಟು ದಿನ ಇರುತ್ತದೆ? ಉಚಿತ ಎಂದರೆ ಶಾಶ್ವತ ಎಂದಲ್ಲ. ಬಝ್‌ಸ್ಪ್ರೌಟ್‌ನ ಉಚಿತ ಯೋಜನೆ ಸಂಚಿಕೆಯನ್ನು 90 ದಿನ ಇಟ್ಟುಕೊಳ್ಳುವಂಥದ್ದು. ಪಾಡ್‌ಬೀನ್‌ನದು ಒಟ್ಟು 5 ಗಂಟೆಯ ಧ್ವನಿಗೆ ಜಾಗ ಕೊಡುವಂಥದ್ದು. ಉಚಿತವಾಗಿದ್ದ ಆಂಕರ್ ಅನ್ನು 2019ರಲ್ಲಿ ಸ್ಪಾಟಿಫೈ ಕೊಂಡಿತು. ಈಗ ಆ ಹೆಸರೇ ಇಲ್ಲ. ಷರತ್ತುಗಳು ಬದಲಾಗುತ್ತಿರುತ್ತವೆ, ಓದಿಯೇ ಸೇರಿ.

ಎರಡನೆಯದು, ಬಿಟ್ಟುಹೋಗುವ ದಾರಿ. ಹಳೆಯ ಫೀಡನ್ನು ಹೊಸ ವಿಳಾಸಕ್ಕೆ ತಿರುಗಿಸುವ ಸೌಲಭ್ಯ ಇರಲೇಬೇಕು. ಮನೆ ಬದಲಿಸಿದಾಗ ಅಂಚೆಯವರಿಗೆ ಹೊಸ ವಿಳಾಸ ಕೊಟ್ಟಂತೆ ಇದು. ಆದರೆ ಖಾತೆ ಕೈಯಲ್ಲಿರುವಾಗಲೇ ಈ ಕೆಲಸ ಆಗಬೇಕು. ವಿಮಾನ ಹತ್ತುವ ಗಡಿಬಿಡಿಯಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ.

ಮೂರನೆಯದು, ಒಬ್ಬರಿಗಿಂತ ಹೆಚ್ಚು ಮಂದಿ ಖಾತೆ ನೋಡಿಕೊಳ್ಳಬಹುದೇ? ಕಂಪನಿಯ ಇಮೇಲ್ ಬೇಡ, ಗಲ್ಫಿನ ನಂಬರ್ ಒಂದನ್ನೇ ನೆಚ್ಚುವುದು ಬೇಡ.

ಊರಿನಲ್ಲಿರುವ ಮನೆಯವರಿಗೆ ನನ್ನ ಮಾತು ಇಲ್ಲಿಯೇ. ಜಾಗದ ಪತ್ರ, ಪಾಸ್‌ಬುಕ್ ಎಲ್ಲವನ್ನೂ ನಮಗಾಗಿ ಜೋಪಾನ ಮಾಡುವವರು ನೀವು. ಈ ಖಾತೆಯ ಇನ್ನೊಂದು ಕೀಲಿಯೂ ನಿಮ್ಮ ಬಳಿಯೇ ಇರಲಿ. ಮೂಲ ಧ್ವನಿಯ ಪ್ರತಿಯನ್ನೂ ಇಟ್ಟುಕೊಳ್ಳಿ. ಬರೀ ಮಾತಾದರೆ 64 ಕೆಬಿಪಿಎಸ್ ಸಾಕು. ಅರ್ಧ ಗಂಟೆಯ ಸಂಚಿಕೆ 15 ಎಂಬಿ ದಾಟುವುದಿಲ್ಲ. ನೂರು ಸಂಚಿಕೆಗೂ ಸಣ್ಣದೊಂದು ಪೆನ್‌ಡ್ರೈವ್ ಸಾಕು.

ಇಷ್ಟೆಲ್ಲ ತಲೆಬಿಸಿ ಯಾಕೆ, ವಾಟ್ಸ್‌ಆ್ಯಪ್ ಗುಂಪು ಸಾಲದೇ ಎನ್ನುವವರಿದ್ದಾರೆ. ಅದು ಇವತ್ತು ಕೇಳಲು ಸರಿ. ಇಲ್ಲಿ ಹುಟ್ಟಿದ ಮಕ್ಕಳು ಹತ್ತು ವರ್ಷ ಬಿಟ್ಟು ಅಜ್ಜಿಯ ಮಾತು ಹುಡುಕಿದರೆ ಆ ಗುಂಪಿನಲ್ಲಿ ಸಿಗುವುದು ಕಷ್ಟ.

ನಾವು ಮತ್ತೆ ಶುರು ಮಾಡಿದ್ದೇವೆ. ಉಳಿದ 9 ಸಂಚಿಕೆಗಳನ್ನೇ ಮೊದಲು ಹಾಕಿದೆವು. ವರ್ಷದ ಶುಲ್ಕವನ್ನು ನಾಲ್ವರೂ ಹಂಚಿಕೊಂಡಿದ್ದೇವೆ, ಊರಿನಲ್ಲಿರುವ ಗೆಳೆಯನೂ ಸೇರಿ. ಪಾಸ್‌ವರ್ಡ್ ಮತ್ತು ಪೆನ್‌ಡ್ರೈವ್ ಬೈಂದೂರಿನಲ್ಲಿ ನನ್ನ ತಂಗಿಯ ಕಪಾಟಿನಲ್ಲಿವೆ.