ಡ್ರಾಯಿಂಗ್ ಪಿರಿಯಡ್ ಹೋದ್ರೆ ಗೊಂಬೆ ಊರಿಗೇ ನಷ್ಟ

ಚನ್ನಪಟ್ಟಣ: ‘ಚಿತ್ರ ಬರೆದ್ರೆ ಮಾರ್ಕ್ಸ್ ಬರುತ್ತಾ? ಪುಸ್ತಕ ತೆಗಿ’. ಮಕ್ಕಳ ಕೈಲಿ ಬಣ್ಣದ ಕಡ್ಡಿ ಕಂಡ ಕೂಡಲೇ ಅನೇಕ ಮನೆಗಳಲ್ಲಿ ಕೇಳಿಬರುವ ಮಾತಿದು. ಬೇರೆ ಊರಲ್ಲಿ ಹೇಗೋ ನಡೆದೀತು. ಗೊಂಬೆಯಿಂದಲೇ ಹೆಸರಾದ ಚನ್ನಪಟ್ಟಣದಲ್ಲಿ ಇದು ಹೊಟ್ಟೆಪಾಡಿನ ಪ್ರಶ್ನೆ.

ಆಲೆ ಮರದ ತುಂಡು, ಅರಗು, ಬಣ್ಣ. ಇಷ್ಟನ್ನೇ ನಂಬಿ ಇಲ್ಲಿನ ಕುಶಲಕರ್ಮಿಗಳು ಊರಿನ ಗೊಂಬೆಗಳಿಗೆ ಜಿಐ ಟ್ಯಾಗ್ ಸಿಗುವಂತೆ ಮಾಡಿದರು. ಆದರೆ 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ವಾಹನಗಳು ಬೈಪಾಸ್‌ನಲ್ಲೇ ಹೊರಟು ಹೋಗ್ತಿವೆ. ಹಳೆ ಹೆದ್ದಾರಿಯ ಗೊಂಬೆ ಅಂಗಡಿಗಳಲ್ಲಿ ವ್ಯಾಪಾರ ಇಳಿದಿದೆ. ಜೊತೆಗೆ ಅಗ್ಗದ ಪ್ಲಾಸ್ಟಿಕ್ ಗೊಂಬೆಗಳ ಪೈಪೋಟಿ. ಗಿರಾಕಿ ಹುಡುಕಿಕೊಂಡು ಬರಬೇಕಾದ್ರೆ ಹೊಸ ಡಿಸೈನ್ ಬೇಕು. ಅದನ್ನ ಮಾಡೋರು ಇವತ್ತು 5ನೇ, 6ನೇ ಕ್ಲಾಸಲ್ಲಿ ಕೂತಿರೋ ಮಕ್ಕಳೇ ತಾನೆ?

ಕಾನೂನು ಏನನ್ನುತ್ತೆ?

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ, 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 10ನೇ ತರಗತಿವರೆಗೂ ಕಲೆ ಒಂದು ವಿಷಯವಾಗಿರಲಿ ಎಂದಿತ್ತು. ಆದ್ರೆ ಎಸ್ಸೆಸ್ಸೆಲ್ಸಿಯ ಒಟ್ಟು ಅಂಕದಲ್ಲಿ ಚಿತ್ರಕಲೆಗೆ ಜಾಗ ಇಲ್ಲ. ಹಾಗಾಗಿ ಪೋರ್ಷನ್ ಬಾಕಿ ಉಳಿದಾಗ ಮೊದಲು ಬಲಿಯಾಗೋದು ಡ್ರಾಯಿಂಗ್ ಪಿರಿಯಡ್ಡೇ. ಪ್ರತಿಭಾ ಕಾರಂಜಿ ಇದೆಯಲ್ಲ ಅನ್ನಬಹುದು. ಅದು ಸ್ಪರ್ಧೆ. ಆಗಲೇ ಬರುವ ಮಕ್ಕಳಿಗೆ ಬಹುಮಾನ ಸಿಗುತ್ತೆ, ಬಾರದ ಮಕ್ಕಳಿಗೆ ಕಲಿಸೋರು ಬೇಕು.

ಹೆತ್ತವರ ಆತಂಕ ಸುಳ್ಳಲ್ಲ. ಗೊಂಬೆ ಕೆಲಸದಲ್ಲಿ ದುಡಿಮೆ ಸಾಲದು ಅಂತಲೇ ಮಕ್ಕಳನ್ನ ಬೇರೆ ದಾರಿಗೆ ಹಚ್ಚಿದವರಿದ್ದಾರೆ. ಆದರೆ ಕಲೆ ಕಲಿಸೋದು ಅಂದ್ರೆ ಎಲ್ಲರನ್ನೂ ಲೇತ್ ಮುಂದೆ ಕೂರಿಸೋದಲ್ಲ. ಒಂದು ಬುಗುರಿ ಮಾಡಬೇಕಾದ್ರೆ ವ್ಯಾಸ ಅಳೀಬೇಕು, ಮಧ್ಯಬಿಂದು ಹಿಡೀಬೇಕು. ಮಧ್ಯ ತಪ್ಪಿದ್ರೆ ಬುಗುರಿ ಓಲಾಡುತ್ತೆ, ಮಗು ಮತ್ತೆ ಅಳೆಯುತ್ತೆ. ಗಣಿತದ ಪುಸ್ತಕದಲ್ಲಿ ಬಾಯಿಪಾಠ ಮಾಡಿದ ವೃತ್ತ ಅಲ್ಲಿ ಕೈಗೆ ಸಿಗುತ್ತೆ. ಅಂಗಡಿ ಬೋರ್ಡ್, ಮದುವೆ ಮಂಟಪ, ಬಟ್ಟೆ ಹೊಲಿಗೆ, ಮೊಬೈಲ್ ಆ್ಯಪ್, ಎಲ್ಲದಕ್ಕೂ ಇದೇ ಕಣ್ಣು, ಇದೇ ಕೈ ಬೇಕು.

ಊರವರ ಕೈಲೂ ಇದೆ

ಬೋಧಕರ ನೇಮಕ ಸರ್ಕಾರದ ಹೊಣೆ, ಅದನ್ನ ಕೇಳಲೇಬೇಕು. ಅಲ್ಲಿವರೆಗೆ ಕೈಕಟ್ಟಿ ಕೂರಬೇಕಿಲ್ಲ. ಡ್ರಾಯಿಂಗ್ ಪಿರಿಯಡ್ ಬೇರೆ ವಿಷಯಕ್ಕೆ ಹೋಗದಂತೆ ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರು ಮಾತಾಡಬಹುದು. ತಿಂಗಳಿಗೊಮ್ಮೆ ಬರುವ ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ಕ್ಕೆ ಪಕ್ಕದ ಬೀದಿಯ ಗೊಂಬೆ ಕುಶಲಕರ್ಮಿಯನ್ನೇ ಮೇಷ್ಟ್ರಾಗಿ ಕರೆಸಿ, ಗೌರವಧನ ಕೊಡಬಹುದು. ಕಾರ್ಖಾನೆಯಲ್ಲಿ ಉಳಿದ ಮರದ ತುಂಡು, ಅಂಗಡಿಯ ಖಾಲಿ ರಟ್ಟಿನ ಡಬ್ಬ ಶಾಲೆಗೆ ಹೋದ್ರೆ ಅದೇ ಪಾಠದ ಸಾಮಗ್ರಿ.

ದೂರದ ಗಿರಾಕಿ ಗೊಂಬೆ ನೋಡಿ ‘ಎಷ್ಟು ಚೆಂದ’ ಅನ್ನುವ ಊರಲ್ಲಿ, ಇಲ್ಲಿನ ಮಗುವಿಗೆ ಅದನ್ನ ಮಾಡೋದು ಹೇಗೆ ಅಂತ ಗೊತ್ತಿಲ್ಲದೆ ಹೋದರೆ, ಬೋರ್ಡಿನ ಮೇಲೆ ‘ಗೊಂಬೆಗಳ ನಾಡು’ ಅಂತ ಬರೆದು ಏನು ಪ್ರಯೋಜನ?