ಲಂಡನ್ನಿಗೆ ಮೊಮ್ಮಕ್ಕಳೊಡನೆ

ತಾಂಡೂರಿನ ಓದುಗರೊಬ್ಬರು ಹೋದ ವಾರ ದೂರವಾಣಿಯಲ್ಲಿ ಮಾತನಾಡಿದರು. ಅವರ ಮಗ ಯುರೋಪಿನ ದೊಡ್ಡ ನಗರವೊಂದರಲ್ಲಿ ಕೆಲಸಕ್ಕಿದ್ದಾನೆ. ಸೊಸೆ ಇಬ್ಬರು ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೊರಡುವವಳಿದ್ದಾಳೆ. ಜೊತೆಗೆ ಇವರೂ ಬರಲಿ ಎಂದು ಮಗನ ಒತ್ತಾಯ. "ಈ ವಯಸ್ಸಿನಾಗ ನಾ ಮಕ್ಕಳಿಗಿ ನೋಡಬೇಕೋ, ಮಕ್ಕಳು ನನಗ ನೋಡಬೇಕೋ?" ಎಂದು ನಕ್ಕರು. "ಹೋಗಿ ಬನ್ನಿ, ಏನೂ ಆಗುವುದಿಲ್ಲ" ಎಂದು ನಾನೂ ನಕ್ಕು ಮಾತು ಮುಗಿಸಿದೆ. ಅಷ್ಟು ಹಗುರವಾಗಿ ಹೇಳಬಾರದಾಗಿತ್ತು. ಏನೂ ಆಗುವುದಿಲ್ಲ ಎಂಬುದು ನನ್ನ ಅನುಭವವಲ್ಲ. ಆ ಮಾತನ್ನು ತಿದ್ದಿಕೊಳ್ಳುವುದಕ್ಕಾಗಿ ಈ ವಾರದ ಅಂಕಣ.

ನನ್ನ ಮಗಳಿಗೆ ಕಚೇರಿಯ ವತಿಯಿಂದ ಲಂಡನ್ನಿನಲ್ಲಿ ಮೂರು ವಾರಗಳ ತರಬೇತಿ ಇತ್ತು. ಅಳಿಯನಿಗೆ ರಜೆ ದೊರೆಯಲಿಲ್ಲ. ನನ್ನ ಮಡದಿಗೆ ಮೊಣಕಾಲು ನೋವು. ಆರು ವರ್ಷದ ಮೊಮ್ಮಗಳನ್ನೂ ಒಂದೂವರೆ ವರ್ಷದ ಮೊಮ್ಮಗನನ್ನೂ ಬಿಟ್ಟು ಹೋಗಲು ಅವಳಿಗೆ ಮನಸ್ಸಿಲ್ಲ. ಹೀಗಾಗಿ ಝರಾಸಂಗಮದ ನಿವೃತ್ತ ಉಪಾಧ್ಯಾಯನೊಬ್ಬನು, ಹೈದರಾಬಾದನ್ನು ದಾಟಿದ್ದೇ ಅಪರೂಪವಾದವನು, ಹಗಲೆಲ್ಲ ಎರಡು ಮಕ್ಕಳನ್ನು ಕಟ್ಟಿಕೊಂಡು ಲಂಡನ್ನಿನಲ್ಲಿ ತಿರುಗುವ ಪ್ರಸಂಗ ಒದಗಿತು.

ಮೊದಲು ಕಾಗದಪತ್ರಗಳ ಮಾತು. ಮಗು ಎಷ್ಟು ಚಿಕ್ಕದಾದರೂ ಅದಕ್ಕೆ ತನ್ನದೇ ಪಾಸ್‌ಪೋರ್ಟ್ ಬೇಕು, ತನ್ನದೇ ವೀಸಾ ಬೇಕು. ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷ. ಮನೆಯಲ್ಲಿ ಹಳೆಯದೊಂದು ಇದೆ ಎಂದು ನೆಮ್ಮದಿಯಿಂದ ಕುಳಿತವರು ಅದರ ದಿನಾಂಕವನ್ನು ಇಂದೇ ನೋಡುವುದು ಒಳ್ಳೆಯದು. ಬ್ರಿಟನ್ನಿನ ವೀಸಾಕ್ಕೆ ಐದು ವರ್ಷ ತುಂಬದ ಮಕ್ಕಳ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ, ಭಾವಚಿತ್ರ ಮಾತ್ರ. ಫ್ರಾನ್ಸ್, ಜರ್ಮನಿ ಮೊದಲಾದ ಷೆಂಗೆನ್ ದೇಶಗಳಿಗೆ ಈ ವಿನಾಯಿತಿ ಹನ್ನೆರಡು ವರ್ಷದವರೆಗೂ ಉಂಟು. ತಂದೆ ಜೊತೆಯಲ್ಲಿ ಬರುವುದಿಲ್ಲವಾದ್ದರಿಂದ ಅಳಿಯನ ಒಪ್ಪಿಗೆ ಪತ್ರವನ್ನೂ ಮಕ್ಕಳ ಜನನ ಪ್ರಮಾಣಪತ್ರಗಳನ್ನೂ ಕೈಚೀಲದಲ್ಲಿಯೇ ಇಟ್ಟುಕೊಂಡಿದ್ದೆವು.

ಊಟದ ಗಂಟಿನಲ್ಲಿ ಕಡಕ್ ರೊಟ್ಟಿ, ಶೇಂಗಾದ ಹಿಂಡಿ, ಅವಲಕ್ಕಿ. ಮಡದಿ ಪ್ರೀತಿಯಿಂದ ಕಟ್ಟಿದ್ದ ಪೇಢಾದ ಡಬ್ಬಿಯನ್ನು ಮಾತ್ರ ಮನೆಯಲ್ಲಿಯೇ ಬಿಡಬೇಕಾಯಿತು. ಭಾರತದಿಂದ ಹೋಗುವವರು ಹಾಲಿನ ಪದಾರ್ಥಗಳನ್ನು ಆ ದೇಶಕ್ಕೆ ಒಯ್ಯುವಂತಿಲ್ಲ. ಕೂಸಿನ ಹಾಲಿನ ಪುಡಿಗೆ ಮಾತ್ರ ಮಿತಿಯೊಳಗೆ ವಿನಾಯಿತಿ ಇದೆ. ಈ ನಿಯಮವನ್ನು ಆಕೆಗೆ ತಿಳಿಸಿ ಹೇಳುವುದು ವೀಸಾ ಪಡೆಯುವುದಕ್ಕಿಂತ ಕಷ್ಟವಾಯಿತು.

ಹೈದರಾಬಾದಿನಿಂದ ನೇರ ವಿಮಾನ, ಸುಮಾರು ಹತ್ತು ಗಂಟೆ. ಎರಡು ವರ್ಷ ತುಂಬದ ಮಗುವಿಗೆ ಆಸನವಿಲ್ಲ, ತಾಯಿಯ ಮಡಿಲೇ ಆಸನ. ಗೋಡೆಗೆ ಸಿಕ್ಕಿಸುವ ತೊಟ್ಟಿಲು ಕೇಳಿ ಪಡೆಯಬಹುದು, ಆದರೆ ಅದಕ್ಕೆ ತೂಕದ ಮಿತಿಯಿದೆ. ನಮ್ಮ ಹುಡುಗ ಅಜ್ಜಿಯ ಕೈತುಪ್ಪದಿಂದ ಆ ಮಿತಿಯನ್ನು ದಾಟಿದ್ದ. ವಿಮಾನ ಏರುವಾಗ, ಅದಕ್ಕಿಂತ ಹೆಚ್ಚಾಗಿ ಇಳಿಯುವಾಗ, ಕೂಸಿನ ಕಿವಿ ನೋಯುತ್ತದೆ. ಆ ಹೊತ್ತಿಗೆ ಏನನ್ನಾದರೂ ಚೀಪಲು ಕೊಟ್ಟರೆ ಅಳು ಅರ್ಧದಷ್ಟು ಕಡಿಮೆ. ಉಳಿದ ಅರ್ಧವನ್ನು ಸಹಪ್ರಯಾಣಿಕರು ಸಹಿಸಿಕೊಂಡರು.

ವಿಮಾನ ನಿಲ್ದಾಣದ ಅಧಿಕಾರಿ ಮೊಮ್ಮಗಳ ಕಡೆಗೆ ಬಾಗಿ, ನನ್ನನ್ನು ತೋರಿಸಿ, ಇವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದ. "ಮುತ್ಯಾ" ಎಂದಳು. ಅವನು ಅದನ್ನು ನನ್ನ ಹೆಸರೆಂದು ತಿಳಿದು ಪಾಸ್‌ಪೋರ್ಟಿನಲ್ಲಿ ಹುಡುಕತೊಡಗಿದ. ಮಗಳು ನಗುತ್ತ ವಿವರಿಸಿದಳು. ಅಂದು ನಮಗೆ ಅದು ತಮಾಷೆ.

ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಮೊದಲ ನಾಲ್ಕು ದಿನ ಮಕ್ಕಳು ನಸುಕಿನ ಮೂರಕ್ಕೆ ಎದ್ದು ಆಟಕ್ಕೆ ಕುಳಿತರು. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೆ ಅಲ್ಲಿ ಸೂರ್ಯ ಮುಳುಗುತ್ತಾನೆ. "ಇನ್ನಾ ಬೆಳಕ ಅದ, ಮುತ್ಯಾ" ಎಂಬ ವಾದಕ್ಕೆ ನಲವತ್ತು ವರ್ಷ ಪಾಠ ಹೇಳಿದವನಲ್ಲಿಯೂ ಉತ್ತರವಿರಲಿಲ್ಲ. ಕಿಟಕಿಗೆ ಮಗಳ ಕಪ್ಪು ಶಾಲನ್ನು ಕಟ್ಟಿ ಕತ್ತಲೆಯನ್ನು ನಾವೇ ತಯಾರಿಸಿಕೊಂಡೆವು.

ಲಂಡನ್ನಿನ ನೆಲದಡಿಯ ರೈಲು 1863ರಷ್ಟು ಹಳೆಯದು. ಅದರ ಹಿರಿಮೆಯೂ ಅದೇ, ತೊಡಕೂ ಅದೇ. 272 ನಿಲ್ದಾಣಗಳಲ್ಲಿ ಮೂರರಲ್ಲೊಂದು ಭಾಗಕ್ಕೆ ಮಾತ್ರ ಮೆಟ್ಟಿಲು ಹತ್ತದೆ ರೈಲಿನವರೆಗೆ ಹೋಗುವ ಅನುಕೂಲವಿದೆ. 2017ರಲ್ಲಿ ಆರಂಭವಾದ ನಮ್ಮ ಹೈದರಾಬಾದ್ ಮೆಟ್ರೋದಲ್ಲಿ ಲಿಫ್ಟ್ ಏರಿ ಅಭ್ಯಾಸವಾದವರು ಅಲ್ಲಿ ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ತಳ್ಳುಗಾಡಿ ಹಿಡಿದು ಮೆಟ್ಟಿಲುಗಳ ಬುಡದಲ್ಲಿ ನಿಲ್ಲಬೇಕಾದೀತು. ಎರಡೇ ದಿನದಲ್ಲಿ ನಾನು ರೈಲನ್ನು ಬಿಟ್ಟು ಕೆಂಪು ಬಸ್ಸಿಗೆ ಶರಣಾದೆ. ಬಸ್ಸಿನ ನೆಲ ರಸ್ತೆಯ ಮಟ್ಟಕ್ಕೆ ತಗ್ಗಿರುತ್ತದೆ, ತಳ್ಳುಗಾಡಿಯನ್ನು ಮಗುವಿನ ಸಮೇತ ಒಳಗೆ ತಳ್ಳಬಹುದು. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ದರವಿಲ್ಲ. ಆದರೆ ಗಾಲಿಕುರ್ಚಿಯವರು ಬಂದರೆ ಆ ಜಾಗ ಅವರದು, ತಳ್ಳುಗಾಡಿಯನ್ನು ಮಡಚಬೇಕು. ಒಮ್ಮೆ ಹಾಗೆ ಮಡಚಲು ಹೋಗಿ ನನ್ನ ಬೆರಳು ಸಿಕ್ಕಿಕೊಂಡಾಗ, ಆ ಗಾಲಿಕುರ್ಚಿಯ ಮುದುಕಿಯೇ ಯಾವ ಗುಂಡಿ ಒತ್ತಬೇಕೆಂದು ತೋರಿಸಿದಳು.

ಬಸ್ಸಿನ ಮೇಲಂತಸ್ತು ಮೊಮ್ಮಗಳ ಆಸೆ, ಕೆಳಗಿನದು ತಳ್ಳುಗಾಡಿಯ ನಿರ್ಬಂಧ. ಕೆಳಗೆ ಕುಳಿತವಳಿಗೆ ಬೇಸರ ಬಾರದಿರಲೆಂದು ಎದುರು ಬರುವ ಬಸ್ಸುಗಳ ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ಬರೆಯುವ ಆಟ ಹೂಡಿದೆ. 88 ಬಂದರೆ ೮೮, 77 ಬಂದರೆ ೭೭. ಇಂಗ್ಲಿಷ್ ಮಾಧ್ಯಮದ ಹುಡುಗಿ. 2018ರ ಕಾಯ್ದೆಯಂತೆ ಶಾಲೆಯಲ್ಲಿ ತೆಲುಗು ಕಡ್ಡಾಯ; ಅದು ಸರಿಯೇ, ನಾವಿರುವ ನಾಡಿನ ಭಾಷೆ ಬೇಕು. ಕನ್ನಡ ಮಾತ್ರ ಅವಳಿಗೆ ಅಡಿಗೆಮನೆಯಲ್ಲಿ, ಅಂಗಳದಲ್ಲಿ ಕೇಳಿ ಬಂದದ್ದು, ಕಣ್ಣಿಂದ ಬಂದದ್ದಲ್ಲ. ಊರಿನಲ್ಲಿ ಕಲಿಸಲು ನನಗೂ ಬಿಡುವಿರಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಬಿಡುವು ಲಂಡನ್ನಿನ ಬಸ್ಸಿನಲ್ಲಿ ಸಿಕ್ಕಿತು.

ದೊಡ್ಡ ವಸ್ತುಸಂಗ್ರಹಾಲಯಗಳಿಗೆ ಅಲ್ಲಿ ಪ್ರವೇಶಧನವಿಲ್ಲ. ಚಿಕ್ಕ ಮಕ್ಕಳಿರುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ, ಅರ್ಧ ಗಂಟೆಯಲ್ಲಿ ಹೊರಬಂದರೂ ಹಣ ಹೋಯಿತೆಂಬ ಸಂಕಟವಿಲ್ಲ. ದಕ್ಷಿಣ ಕೆನ್ಸಿಂಗ್ಟನ್ನಿನ ನಿಸರ್ಗ ಇತಿಹಾಸ ಸಂಗ್ರಹಾಲಯಕ್ಕೆ ನಾವು ಮೂರು ಬಾರಿ ಹೋದೆವು. ಅದರ ನಡುಮನೆಯ ಚಾವಣಿಯಿಂದ ನೀಲಿ ತಿಮಿಂಗಿಲದ ಅಸ್ಥಿಪಂಜರವೊಂದು ತೂಗುತ್ತದೆ, 25 ಮೀಟರಿಗಿಂತ ಉದ್ದ. 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ದಂಡೆಯಲ್ಲಿ ಸಿಕ್ಕಿಬಿದ್ದ ಪ್ರಾಣಿ. ಹೈದರಾಬಾದಿನ ಬಿರ್ಲಾ ವಿಜ್ಞಾನ ಸಂಗ್ರಹಾಲಯದಲ್ಲಿ ಯಾಮನಪಲ್ಲಿಯ ಕೋಟಾಸಾರಸ್ ಕಂಡಿದ್ದ ಮೊಮ್ಮಗಳು, "ನಮ್ಮದು ನೆಲದ ಮ್ಯಾಲ ನಿಂತದ, ಇವರದು ತೂಗಹಾಕ್ಯಾರ" ಎಂದು ತೀರ್ಪು ಕೊಟ್ಟಳು.

ಎರಡನೆಯ ವಾರದ ಮಂಗಳವಾರ ಅಲ್ಲಿಯೇ ಆ ಘಟನೆ ನಡೆಯಿತು. ಡೈನೋಸಾರ್‌ಗಳ ಕೋಣೆಯಲ್ಲಿ ಯಂತ್ರದಿಂದ ತಲೆ ಅಲ್ಲಾಡಿಸುವ ಒಂದು ಟಿ. ರೆಕ್ಸ್ ಉಂಟು. ಅದರ ಗುಡುಗಿಗೆ ಕೂಸು ಚೀರಿತು. ಅವನನ್ನು ತಳ್ಳುಗಾಡಿಯಿಂದ ಬಿಚ್ಚಿ ಎತ್ತಿಕೊಂಡು, ಬೆನ್ನು ಸವರಿ, ನಡುಮನೆಗೆ ಬಂದು ನೋಡುತ್ತೇನೆ, ಮೊಮ್ಮಗಳು ಪಕ್ಕದಲ್ಲಿಲ್ಲ. ಬಂದ ದಾರಿಯಲ್ಲಿ ಹಿಂದಿರುಗಿದೆ. ಹಳದಿ ಅಂಗಿ ತೊಟ್ಟು ಜೋಡಿಜೋಡಿಯಾಗಿ ಕೈ ಹಿಡಿದು ಶಾಲೆಯ ಮಕ್ಕಳು ಎದುರು ಬರುತ್ತಿದ್ದರು, ಒಂದು ತಂಡ, ಇನ್ನೊಂದು ತಂಡ, ಅವರ ನಡುವೆ ದಾಟುವಂತಿಲ್ಲ. ಸಿಬ್ಬಂದಿಯ ಯುವಕನೊಬ್ಬನನ್ನು ಹಿಡಿದೆ. ಅವನು ಶಾಂತವಾಗಿ ಕೇಳಿದ ಮೊದಲ ಪ್ರಶ್ನೆ, ಮಗು ಯಾವ ಬಣ್ಣದ ಉಡುಪು ತೊಟ್ಟಿದೆ? ಬೆಳಿಗ್ಗೆ ಅದರ ಗುಂಡಿ ಹಾಕಿದವನು ನಾನೇ. ಬಣ್ಣ ನೆನಪಾಗಲಿಲ್ಲ. ಇಂಗ್ಲಿಷಿನಲ್ಲಿ ಅಷ್ಟೇ ಅಲ್ಲ, ಕನ್ನಡದಲ್ಲಿಯೂ ಇಲ್ಲ. ಅವಳ ಎತ್ತರ ಎಷ್ಟೆಂದರೆ ಕೈಯನ್ನು ಸೊಂಟದ ಬಳಿ ಹಿಡಿದು ತೋರಿಸಿದೆ, ಆ ಕೈ ನಿಲ್ಲಲೊಲ್ಲದೆ ನಡುಗಿತು. ಥೇಮ್ಸ್ ನದಿ, ರಸ್ತೆಯ ವಾಹನಗಳು, ಮಗಳ ಮುಖ, ಇವು ಒಂದರ ಹಿಂದೊಂದು ಕಣ್ಣೆದುರು ಬಂದವು.

ಆಗ ಮೇಲಿನಿಂದ ಕೂಗು ಕೇಳಿಸಿತು: "ಮುತ್ಯಾ!"

ಝರಾಸಂಗಮದ ಶಿವರಾತ್ರಿ ಜಾತ್ರೆಯಲ್ಲಿ ಅಮೃತಗುಂಡದ ಮೆಟ್ಟಿಲ ಮೇಲೆ ನಿಂತು ಒಂದು ಮಗು ಹಾಗೆ ಕೂಗಿದರೆ ನೂರು ಮುದುಕರು ತಿರುಗಿ ನೋಡುತ್ತಾರೆ. ಆ ಮಹಾಸಭಾಂಗಣದಲ್ಲಿ ತಿರುಗಿದ್ದು ಒಂದೇ ತಲೆ. ದೊಡ್ಡ ಮೆಟ್ಟಿಲುಗಳ ನಡುವೆ ಡಾರ್ವಿನ್ನನ ಅಮೃತಶಿಲೆಯ ಪ್ರತಿಮೆ ಇದೆ. ಅದರ ಪಾದದ ಬಳಿ ಕಾವಲಿನ ಹೆಂಗಸೊಬ್ಬಳ ಪಕ್ಕದಲ್ಲಿ ಅವಳು ನಿಂತಿದ್ದಳು. ಉಡುಪು ಹಸಿರು. ತಿಮಿಂಗಿಲದ ಬೆನ್ನು ಮೇಲಿನಿಂದ ಹೇಗಿದೆ ಎಂದು ನೋಡಲು ಹೋದವಳಂತೆ. ಆ ಹೆಂಗಸು ತಾತನ ಹೆಸರು ಕೇಳಿದಾಗ ಮುತ್ಯಾ ಎಂದಿದ್ದಾಳೆ. ಪೂರ್ತಿ ಹೆಸರು ಕೇಳಿದಾಗಲೂ ಮುತ್ಯಾ. "ಮಿಸ್ಟರ್ ಮುತ್ಯಾ ಎಂಬವರನ್ನು ಹುಡುಕಿಸಲು ಹೊರಟಿದ್ದೆ" ಎಂದಳು ಆಕೆ. ಒಟ್ಟು ಹನ್ನೊಂದು ನಿಮಿಷವಾಗಿತ್ತೆಂದು ಗಡಿಯಾರ ಹೇಳಿತು.

ಈ ಸಂಗತಿಯನ್ನು ಮಗಳಿಗೆ ತಿಳಿಸಬಾರದೆಂದುಕೊಂಡೆ. ಬಚ್ಚಿಟ್ಟದ್ದು ನನ್ನ ಎರಡನೆಯ ತಪ್ಪು. ರಾತ್ರಿ ಊಟದ ಹೊತ್ತಿಗೆ ಮೊಮ್ಮಗಳೇ ಎಲ್ಲವನ್ನೂ ಹೇಳಿದಳು, ಜಾತ್ರೆಯ ಸುದ್ದಿ ಹೇಳುವ ಉತ್ಸಾಹದಿಂದ. ಮಗಳು ತುತ್ತು ಕೆಳಗಿಟ್ಟಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬಹಳ ಹೊತ್ತಿನ ಮೇಲೆ, "ನಾಳಿ ನಾ ರಜಾ ಹಾಕ್ತೀನಪ್ಪಾ" ಎಂದಳು. ಬೈದಿದ್ದರೆ ಸಹಿಸಬಹುದಿತ್ತು. ಬೇಡವೆಂದು ನಾನು ಬೇಡಿಕೊಂಡೆ. ಬೆಳಿಗ್ಗೆ ಅವಳು ಎರಡೂ ಮಕ್ಕಳ ಮುಂದೋಳಿನ ಮೇಲೆ ಪೆನ್ನಿನಿಂದ ತನ್ನ ಮೊಬೈಲ್ ಸಂಖ್ಯೆ ಬರೆದಳು, ಇಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿ ನನ್ನ ಫೋನಿನಲ್ಲಿ ಚಿತ್ರ ತೆಗೆದಳು, ಹಿರಿಯವಳಿಗೆ ನನ್ನ ಪೂರ್ತಿ ಹೆಸರನ್ನು ಐದು ಸಲ ಹೇಳಿಸಿದಳು. ಆಮೇಲೆ ಹೋದಳು. ಆ ದಿನ ಆರು ಸಲ ಫೋನು ಮಾಡಿದಳು. ತಾಂಡೂರಿನ ಮಿತ್ರರೇ, ನನ್ನ ಉಳಿದ ಸಲಹೆಗಳನ್ನು ಮರೆತರೂ ಈ ಚಿತ್ರ ತೆಗೆಯುವುದನ್ನು ಮರೆಯಬೇಡಿ. ಪ್ರತಿದಿನ, ಮನೆ ಬಿಡುವ ಮುನ್ನ.

ಆ ದಿನ ಗದ್ದಲದ ಜಾಗ ಬೇಡವೆನಿಸಿ ಬ್ಲೂಮ್ಸ್‌ಬರಿಯ ಕೋರಮ್ಸ್ ಫೀಲ್ಡ್ಸ್ ಎಂಬ ಮಕ್ಕಳ ಆಟದ ಬಯಲಿಗೆ ಹೋದೆವು. ಅಲ್ಲಿಯ ನಿಯಮ ವಿಚಿತ್ರ: ಮಗುವಿನ ಜೊತೆಯಿಲ್ಲದ ದೊಡ್ಡವರಿಗೆ ಪ್ರವೇಶವಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಮೊಮ್ಮಕ್ಕಳ ಹೆಸರಿನಲ್ಲಿ ನನಗೆ ಒಳಗೆ ಬಿಟ್ಟರು. 1739ರಲ್ಲಿ ಥಾಮಸ್ ಕೋರಮ್ ಎಂಬ ಹಡಗಿನ ಕಪ್ತಾನ ಸ್ಥಾಪಿಸಿದ ಅನಾಥ ಶಿಶುಗಳ ಆಸರೆಮನೆ ಆ ನೆಲದಲ್ಲಿತ್ತು. ಸಾಕಲಾರದ ತಾಯಂದಿರು ಕೂಸನ್ನು ಅಲ್ಲಿ ಒಪ್ಪಿಸುವಾಗ ಒಂದು ಗುರುತನ್ನು ಬಿಟ್ಟುಹೋಗುತ್ತಿದ್ದರು, ತಿರುಗಿ ಬಂದರೆ ತಮ್ಮ ಮಗುವನ್ನು ಗುರುತಿಸಲಿಕ್ಕೆ. ಬಟ್ಟೆಯ ಚೂರು, ಕೊರೆದ ನಾಣ್ಯ, ಗುಂಡಿ. ಹತ್ತಿರದ ಸಂಗ್ರಹಾಲಯದಲ್ಲಿ ಅಂಥ ಗುರುತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ತಿರುಗಿ ಬಂದ ತಾಯಂದಿರು ತೀರ ಕಡಿಮೆ. ನಾನು ಆ ಪೆಟ್ಟಿಗೆಯ ಮುಂದೆ ನಿಂತಿದ್ದಾಗ ಮೊಮ್ಮಗಳು ತನ್ನ ತೋಳನ್ನು ಗಾಜಿಗೆ ಒತ್ತಿ, "ನನ್ನದೂ ಇಲ್ಲದ" ಎಂದು ಸಂಖ್ಯೆಯನ್ನು ತೋರಿಸಿದಳು. ಹೆಚ್ಚು ಹೊತ್ತು ಅಲ್ಲಿ ನಿಲ್ಲಲಾಗಲಿಲ್ಲ.

ಕೊನೆಯ ಭಾನುವಾರ ಮಗಳೂ ಜೊತೆಗೂಡಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವೇಶ್ವರರ ಪ್ರತಿಮೆಗೆ ಹೋದೆವು. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮಾಜಿ ಮೇಯರ್ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಸಾಧ್ಯವಾದದ್ದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಮುಂದೆ ಥೇಮ್ಸ್, ಆಚೆ ದಂಡೆಯಲ್ಲಿ ಪಾರ್ಲಿಮೆಂಟಿನ ಗೋಪುರ. 1956ರಲ್ಲಿ ಬೀದರಿನಿಂದ ಜಹೀರಾಬಾದ್, ನಾರಾಯಣಖೇಡಗಳನ್ನೂ ಕಲಬುರಗಿಯಿಂದ ತಾಂಡೂರು, ಕೊಡಂಗಲ್‌ಗಳನ್ನೂ ಬೇರ್ಪಡಿಸಿದ ಗೆರೆಯ ಈಚೆಗೆ ಹುಟ್ಟಿ ಬೆಳೆದವನು ನಾನು; ಗೆರೆಗಳನ್ನೆಲ್ಲ ದಾಟಿ ಬಂದು ನಿಂತ ಅಣ್ಣನವರನ್ನು ಕಂಡು ಏನೋ ಹೇಳಬೇಕೆಂದು ಗಂಟಲು ಸರಿಪಡಿಸಿಕೊಂಡೆ. ಅಷ್ಟರಲ್ಲಿ ಮೊಮ್ಮಗಳಿಗೆ ಒಂದಕ್ಕೆ ಅವಸರವಾಯಿತು. ಲಂಡನ್ನಿನಲ್ಲಿ ಇದಕ್ಕಿಂತ ಗಂಭೀರವಾದ ಸಮಸ್ಯೆಯಿಲ್ಲ. ದೊಡ್ಡ ರೈಲು ನಿಲ್ದಾಣಗಳಲ್ಲಿ 2019ರಿಂದ ಶೌಚಾಲಯಕ್ಕೆ ಹಣವಿಲ್ಲ ಎಂಬುದನ್ನು ಬಲ್ಲವರು ಬದುಕಿಕೊಳ್ಳುತ್ತಾರೆ. ನಾನು ಹೇಳಬೇಕೆಂದಿದ್ದ ಮಾತು ಹೇಳದೆ ಉಳಿಯಿತು, ನಾವೆಲ್ಲ ವಾಟರ್‌ಲೂ ನಿಲ್ದಾಣಕ್ಕೆ ಧಾವಿಸಿದೆವು.

ಈ ಸಲ ಶಿವರಾತ್ರಿಗೆ ಮಗಳು ಮಕ್ಕಳೊಡನೆ ಊರಿಗೆ ಬಂದಿದ್ದಳು. ಸಂಜೆ ಸಂಗಮೇಶ್ವರನ ಗುಡಿಗೆ ಹೊರಟು ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಮೊಮ್ಮಗಳು ಪೆನ್ನು ಹಿಡಿದು ಬಂದು, "ಕೈ ಕೊಡು ಮುತ್ಯಾ, ಭಾಳ ಮಂದಿ ಇರ್ತಾರ" ಎಂದಳು. ನನ್ನ ಮುಂದೋಳಿನ ಮೇಲೆ ತನ್ನ ತಾಯಿಯ ಸಂಖ್ಯೆಯನ್ನು ಬರೆದಳು, ನಾಲಿಗೆಯನ್ನು ತುಟಿಯಂಚಿಗೆ ತಂದು, ನಿಧಾನವಾಗಿ, ಹತ್ತೂ ಕನ್ನಡ ಅಂಕಿಗಳು. ಏಳನ್ನು ಮಾತ್ರ ತಿರುವಿ ಬರೆದಿದ್ದಳು. ತಿದ್ದಲಿಲ್ಲ.